ಹೋರಿಗೊಂದು ಹಾಡು, ಹಾಡಿಗೊಂದು ಹೆಸರು

ದೀಪಾವಳಿ ಹತ್ತಿರ ಬಂತೆಂದರೆ ಶಿಕಾರಿಪುರ, ಸೊರಬದ ಕಡೆ ಹೋರಿ ಕಟ್ಟಿದ ಮನೆಯ ಹುಡುಗರಿಗೆ ಎರಡು ಕೆಲಸ. ಹೋರಿಯ ಮೈ ತಿಕ್ಕಿ ತೊಳೆದು ಓಟಕ್ಕೆ ಅಣಿ ಮಾಡುವುದು ಒಂದು, ಅದರ ಮೇಲೊಂದು ಹಾಡು ಕಟ್ಟುವುದು ಇನ್ನೊಂದು. ಮೊದಲನೆಯದು ಅಜ್ಜನಿಂದ ಬಂದ ಕೆಲಸ. ಎರಡನೆಯದನ್ನು ಕಂಡರೆ ಅಜ್ಜನಿಗೆ ನಗು. ಆದರೆ ಹಾಡು ಸಿದ್ಧವಾಗಿ ಮೊಬೈಲಿಗೆ ಬಂದ ಮೇಲೆ, ಅದರಲ್ಲಿ ತನ್ನ ಹೆಸರು ಬಂದಿದೆಯೋ ಇಲ್ಲವೋ ಎಂದು ಕಿವಿಗಿಟ್ಟು ಕೇಳುವವನೂ ಅವನೇ.

ಹೋರಿ ಹಬ್ಬ ನೋಡದವರಿಗಾಗಿ ಎರಡು ಮಾತು. ಹಾವೇರಿ ಜಿಲ್ಲೆಯಲ್ಲಿ, ಅದಕ್ಕೆ ತಾಗಿದ ಈ ಎರಡು ತಾಲ್ಲೂಕುಗಳಲ್ಲಿ ಬಲಿಪಾಡ್ಯಮಿಯಿಂದ ಶುರುವಾಗುವ ಆಟ ಇದು. ಅಖಾಡದ ಎರಡೂ ಬದಿಗೆ ಜನ, ನಡುವೆ ಒಂದೊಂದಾಗಿ ಬಿಡುವ ಹೋರಿ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಬಣ್ಣದ ಪಟ್ಟಿ, ಮೈಮೇಲೆ ಜೂಲ. ಕೊಬ್ಬರಿ ಹರಿಯಗೊಡದೆ ಪಾರಾದರೆ ಹೋರಿ ಗೆದ್ದಂತೆ, ಹರಿದುಕೊಂಡರೆ ಹಿಡಿದವನು ಗೆದ್ದಂತೆ. 2014ರಲ್ಲಿ ಜಲ್ಲಿಕಟ್ಟಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನೆರಳು ಇಂಥ ಎಲ್ಲ ಆಟಗಳ ಮೇಲೂ ಬಿದ್ದಿತ್ತು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಇಂಥ ಆಟಗಳಿಗೆ ಅವಕಾಶ ಕೊಡುವ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ಹೋರಿ ಓಟದಲ್ಲಿ ಕೈಕಾಲು ಮುರಿದುಕೊಂಡವರು, ಜೀವವನ್ನೇ ಕಳೆದುಕೊಂಡವರು ಇದ್ದಾರೆ. ಬೆದರಿದ ದನದ ಕಣ್ಣು ನೋಡಿದವರೂ ಇದ್ದಾರೆ. ಆ ಓಟದ ಬಗ್ಗೆ ನನಗೆ ಅನುಮಾನಗಳಿವೆ. ಹಾಡಿನ ಬಗ್ಗೆ ಇಲ್ಲ.

ಹಾಡು ಹುಟ್ಟುವ ಜಾಗ ನೋಡಬೇಕು. ಹಳ್ಳಿಮನೆಯಲ್ಲಿ ಧ್ವನಿ ತೆಗೆಯಲು ಹೇಳಿ ಮಾಡಿಸಿದ ಕೋಣೆ ಎಂದರೆ ಭತ್ತದ ಚೀಲವೋ ಅಡಿಕೆ ಚೀಲವೋ ಒಟ್ಟಿದ ಕೋಣೆ. ಬರಿಗೋಡೆಯ ಹಾಲಿನಲ್ಲಿ ಮಾತಾಡಿದರೆ ಗುಂಯ್ ಎನ್ನುತ್ತದೆ. ಚೀಲದ ರಾಶಿ ಆ ಮೊಳಗನ್ನೆಲ್ಲ ನುಂಗಿಬಿಡುತ್ತದೆ. ಪೇಟೆಯ ಸ್ಟುಡಿಯೋದವರು ಸಾವಿರಾರು ರೂಪಾಯಿ ಸುರಿದು ಗೋಡೆಗೆ ಅಂಟಿಸುವ ಸ್ಪಂಜಿನ ಕೆಲಸವನ್ನು ಇಲ್ಲಿ ಸುಗ್ಗಿಯೇ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಕಿಟಕಿಗೆ ಕಂಬಳಿ. ಫ್ಯಾನ್ ಬಂದ್. ಬೆವರು ಇಳಿಯುತ್ತಿದ್ದರೂ ಹಾಕುವಂತಿಲ್ಲ. ಮೇಲೆ ತಗಡಿನ ಮಾಡಿದ್ದರೆ ಮಳೆ ನಿಲ್ಲುವವರೆಗೆ ಕಾಯಬೇಕು, ಮಳೆ ನಿಂತರೆ ಕಪ್ಪೆ ಶುರು. ಇಷ್ಟಾದ ಮೇಲೆ ಹಾಡು ಒಂದು ಹದಕ್ಕೆ ಬರುವಾಗ ಹೊರಗಿಂದ ಅಮ್ಮ ಊಟಕ್ಕೆ ಕರೆಯುತ್ತಾಳೆ. "ಅಣ್ಣಾ, ಇನ್ನೊಂದ್ ಸಲ ತಗೋಳಣ" ಎನ್ನುತ್ತಾನೆ ಮೊಬೈಲು ಹಿಡಿದ ಹುಡುಗ.

ಇರುವುದು ಒಂದೇ ಮೈಕು, ಇಲ್ಲವೇ ಒಂದೇ ಮೊಬೈಲು. ಹಾಗಾಗಿ ಹಾಡುವವನು ಹತ್ತಿರ, ಸೊಲ್ಲು ಎತ್ತಿಕೊಳ್ಳುವ ಗೆಳೆಯರು ಹಿಂದೆ, ಎಲ್ಲರಿಗಿಂತ ಗಂಟಲು ದೊಡ್ಡದಿರುವವನು ಬಾಗಿಲ ಹತ್ತಿರ. ಯಾರು ಎಷ್ಟು ದೂರ ನಿಂತರು ಎನ್ನುವುದರ ಮೇಲೆಯೇ ಧ್ವನಿಯ ಹೆಚ್ಚುಕಡಿಮೆ ತೀರ್ಮಾನವಾಗುತ್ತದೆ. ಇದೇನು ಹೊಸ ಯುಕ್ತಿಯಲ್ಲ. ನಮ್ಮ ದೇಶದಲ್ಲಿ ಹಾಡು ಗ್ರಾಮಫೋನ್ ತಟ್ಟೆಗೆ ಮೊದಲು ಇಳಿದದ್ದೇ ಹೀಗೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಹಾಡು ಮುದ್ರಿಸಿಕೊಳ್ಳುವಾಗ ಸ್ಟುಡಿಯೋ ಎಲ್ಲಿತ್ತು? ಹೋಟೆಲಿನ ಕೋಣೆಯನ್ನೇ ಸಜ್ಜು ಮಾಡಿಕೊಂಡರು. ವಿದ್ಯುತ್ ಮೈಕ್ ಇಲ್ಲದ ಕಾಲ. ಗಾಯಕಿ ಗೌಹರ್ ಜಾನ್ ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಿದಳು. ಹಾಡು ಮುಗಿದದ್ದೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದ್ದೆಂದು ತಿಳಿದು ಚೀಟಿ ಅಂಟಿಸಲು ಬೇರೆ ದಾರಿಯಿರಲಿಲ್ಲ ಎಂದು ಹೇಳುತ್ತಾರೆ. ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಹೋರಿ ಹಾಡು ಕೇಳಿದವರಿಗೆ ಆ ಹೆಸರು ಹೇಳುವ ಪರಿ ಅಪರಿಚಿತವಲ್ಲ. ಹಾಡು ಶುರುವಾಗುವ ಮೊದಲೇ ಗುಡುಗಿನ ಸದ್ದಿನ ನಡುವೆ ಹೋರಿಯ ಹೆಸರು, ಮಾಲೀಕರ ಹೆಸರು, ಊರು, ಸಾಹಿತ್ಯ ಇಂಥವರದು, ಗಾಯನ ಇಂಥವರದು, ಅಭಿಮಾನಿ ಬಳಗ ಇಂಥದ್ದು ಎಂದು ಒಂದು ಗಡಸು ದನಿ ಘೋಷಿಸುತ್ತದೆ. ಹಾಡಿನೊಳಗೂ ಮತ್ತೆ ಹೆಸರುಗಳೇ: ಯಾವ ಯಾವ ಅಖಾಡ ಗೆದ್ದಿತು, ಯಾರ ಕೈಗೆ ಸಿಗಲಿಲ್ಲ, ಸಾಕಿದವರು ಯಾರು, ಹಗ್ಗ ಹಿಡಿದವರು ಯಾರು. ಪೇಟೆಯವರಿಗೆ ಇದು ಕಿರಿಕಿರಿ. "ಇದೇನು ಹಾಡೋ, ಮತದಾರರ ಪಟ್ಟಿಯೋ" ಎಂದು ಮೂಗು ಮುರಿಯುತ್ತಾರೆ. ನನಗೆ ಮಾತ್ರ ಈ ಹಾಡುಗಳ ಜೀವ ಇರುವುದೇ ಆ ಪಟ್ಟಿಯಲ್ಲಿ ಎನಿಸುತ್ತದೆ. ಪ್ರೀತಿ, ವಿರಹ, ಮುಂಗಾರು ಮಳೆ ಎಲ್ಲರಿಗೂ ಸೇರಿದ್ದು. ಅದನ್ನು ಯಾರು ಬೇಕಾದರೂ ಬರೆದುಕೊಡಬಹುದು. ಒಂದು ಊರಿನ ಒಂದು ಹೋರಿ ಒಂದು ದಿನ ಕೊಬ್ಬರಿ ಬಿಟ್ಟುಕೊಡದೆ ಓಡಿದ್ದನ್ನು ಆ ಊರಿನವರೇ ಹಾಡಬೇಕು. ಹೆಸರಾದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡುವ ಸೀಮೆ ಇದು. ಆಗಲೂ ಒಂದು ಹಾಡು ಬರುತ್ತದೆ, ಅದರಲ್ಲೂ ಹೆಸರು. ದನಕ್ಕೆ ಇಷ್ಟೆಲ್ಲ ಬೇಕೇ ಎನ್ನುವವರು ಆತಕೂರಿನ ಶಾಸನ ನೆನೆಯಬೇಕು. ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಗೆ ಅಲ್ಲಿ ಕಲ್ಲು ನಿಲ್ಲಿಸಿದರು. ಕಾಳಿ ಎಂಬ ಅದರ ಹೆಸರು ಇಂದಿಗೂ ಉಳಿದಿದೆ.

ಮಾಡಿದ ಹಾಡಿಗೆ ತನ್ನ ಹೆಸರು ಹಚ್ಚುವ ಆಸೆ ಈ ನೆಲದಲ್ಲಿ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕದಂಬ ಶಾಂತಿವರ್ಮನ ಕಾಲದ ಕಂಬವಿದೆ, ಐದನೆಯ ಶತಮಾನದ್ದು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಅವಮಾನವಾದದ್ದು, ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಎಲ್ಲವೂ ಸಂಸ್ಕೃತ ಪದ್ಯಗಳಲ್ಲಿ ಅದರ ಮೇಲಿದೆ. ಬರೆದ ಕವಿ ಕುಬ್ಜ. ರಾಜರ ಹೊಗಳಿಕೆಯೆಲ್ಲ ಮುಗಿದ ಮೇಲೆ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎಂಬ ಮಾತನ್ನೂ ಸೇರಿಸಿಯೇ ಅವನು ಕೈ ತೊಳೆದದ್ದು. ಸಾಹಿತ್ಯವೂ ಅವನದೇ, ಮುದ್ರಣವೂ ಅವನದೇ! ಇದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ ಮದ್ದಳೆಗಾರನಾಗಿದ್ದ ಎನ್ನುತ್ತಾನೆ ಹರಿಹರ ತನ್ನ ರಗಳೆಯಲ್ಲಿ. ಉಡುತಡಿಯ ಅಕ್ಕ, ಹಿರೇಜಂಬೂರಿನ ಸತ್ಯಕ್ಕ ಇಲ್ಲಿಯವರೇ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಶಂಭುಜಕ್ಕೇಶ್ವರ ಎಂಬ ಅಂಕಿತಗಳು ಅವರ ಹೆಸರಲ್ಲ, ಅವರ ದೈವದ ಹೆಸರು, ನಿಜ. ಆದರೂ ವಚನದ ಕೊನೆಗೆ ಆ ಅಂಕಿತ ಬಂದೊಡನೆ ಇದು ಯಾರ ಮಾತು ಎಂದು ಗುರುತು ಹತ್ತುತ್ತದೆ. ಎಂಟುನೂರು ವರ್ಷದ ಮೇಲೂ ಹತ್ತುತ್ತದೆ.

ಇನ್ನು ಧಾಟಿಯ ಮಾತು. ಮನೆಯಲ್ಲಿ ಹಾಡು ಮಾಡುವ ಹುಡುಗರ ಮೇಲಿರುವ ದೊಡ್ಡ ದೂರು ಇದೇ: ಮಾತು ಹೊಸದು, ಮಟ್ಟು ಕದ್ದದ್ದು. ಈ ದೂರನ್ನು ಅರ್ಧ ಮಾತ್ರ ಒಪ್ಪಬಹುದು. ಗೊತ್ತಿರುವ ಧಾಟಿಗೆ ಹೊಸ ಮಾತು ಕೂರಿಸುವುದು ಲಾವಣಿ, ಗೀಗೀ ಪದ, ಭಜನೆ, ಸೋಬಾನೆ ಎಲ್ಲದರಲ್ಲೂ ನಡೆದುಬಂದ ರೂಢಿ. ಪಕ್ಕದ ಶಿಗ್ಗಾವಿ ಸೀಮೆಯ ಶಿಶುನಾಳ ಶರೀಫ ಕಂಡದ್ದರ ಮೇಲೆಲ್ಲ ಪದ ಕಟ್ಟಿದವನು, ಗಿರಣಿಯನ್ನೂ ಬಿಡಲಿಲ್ಲ. ಧಾಟಿ ಊರ ಕೆರೆಯ ಹಾಗೆ, ಕೊಡ ಅವರವರದು. ಆದರೆ ಸಿನಿಮಾ ಹಾಡಿನ ಟ್ರ್ಯಾಕ್ ಇಳಿಸಿಕೊಂಡು ಅದರ ಮೇಲೆ ಹೋರಿಯ ಹೆಸರು ಕೂಗುವುದು ಬೇರೆ ಮಾತು. ಅದಕ್ಕೆ ಒಡೆಯನಿದ್ದಾನೆ. ಯೂಟ್ಯೂಬಿಗೆ ಏರಿಸಿದ ಮೇಲೆ ಅಲ್ಲಿನ ಯಂತ್ರ ಅದನ್ನು ಹೋಲಿಸಿ ಹಿಡಿಯುತ್ತದೆ. ಹಾಡಿನಿಂದ ಬರುವ ನಾಲ್ಕು ಕಾಸು ಆಡಿಯೋ ಕಂಪನಿಯ ಪಾಲಾಗುತ್ತದೆ. ಹುಡುಗರು ರಾತ್ರಿಯಿಡೀ ಕೂತದ್ದು ಯಾರದೋ ಲೆಕ್ಕಕ್ಕೆ ಜಮಾ.

ಅದಕ್ಕಿಂತ ನನಗೆ ಬೇಸರದ ವಿಷಯ ಆ ಟ್ರ್ಯಾಕುಗಳ ಸದ್ದು. ಡೊಳ್ಳು ಬಾರಿಸುವ ಕೈಗಳು ಊರಲ್ಲೇ ಇರುವಾಗ ಕೀಬೋರ್ಡಿನ ಗುಂಡಿ ಒತ್ತಿ ಡೊಳ್ಳಿನಂಥದೇನನ್ನೋ ಬಾರಿಸುತ್ತಾರೆ. ಡೊಳ್ಳಿನ ಪೆಟ್ಟು ಮೊಬೈಲಿನ ಮೈಕಿಗೆ ತಡೆಯುವುದಿಲ್ಲ, ಒಡೆದುಹೋಗುತ್ತದೆ, ಅದು ಸರಿ. ಅಂಗಳದಲ್ಲಿ ಡೊಳ್ಳು ಇಟ್ಟು, ಮೊಬೈಲನ್ನು ಜಗಲಿಯ ಮೇಲಿಟ್ಟರೆ ಸಾಕು, ತಡೆಯುತ್ತದೆ. ಹಾಡುವವನ ಗಂಟಲಿಗೂ ಅದೇ ಗತಿ. ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಸೋಸಿ ಸೋಸಿ ಕೊನೆಗೆ ಶಿಕಾರಿಪುರದವನಿಗೂ ರಾಣೆಬೆನ್ನೂರಿನವನಿಗೂ ಒಂದೇ ದನಿ. ಮಾತಿನಲ್ಲಿ ಊರು ಕಾಣುತ್ತದೆ, ದನಿಯಲ್ಲಿ ಇಲ್ಲ.

ಸೊರಬದ ಕಡೆ ಇದೇ ದೀಪಾವಳಿಗೆ ಇನ್ನೊಂದು ಹಾಡಿನ ಮೇಳ ಹೊರಡುತ್ತದೆ: ಅಂಟಿಗೆ ಪಂಟಿಗೆ. ದೇವಸ್ಥಾನದಲ್ಲಿ ಹಚ್ಚಿದ ದೀಪ ಆರದಂತೆ ಹಿಡಿದು ರಾತ್ರಿ ಮನೆಯಿಂದ ಮನೆಗೆ ನಡೆಯುತ್ತಾರೆ. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಮನೆಯವರು ಎಣ್ಣೆ ಎರೆದು, ಅಕ್ಕಿ, ಕಾಸು ಕೊಟ್ಟು ಕಳಿಸುತ್ತಾರೆ. ಆ ಪದಗಳನ್ನು ಕಟ್ಟಿದವರು ಯಾರು? ಗೊತ್ತಿಲ್ಲ. ಬೀಸುವಾಗ, ನಾಟಿ ಮಾಡುವಾಗ, ಮದುವೆ ಚಪ್ಪರದಡಿ ಹೆಂಗಸರು ಕಟ್ಟಿದ ಪದಗಳಿಗೂ ಅದೇ ಉತ್ತರ. ರಾಜನಿಗೆ, ಕವಿಗೆ, ಶರಣರಿಗೆ, ನಾಯಿಗೆ ಸಿಕ್ಕ ಹೆಸರು ಅವರಿಗೆ ಸಿಗಲಿಲ್ಲ. ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಹಳ್ಳಿಯ ಹಾಡುಗಾರ್ತಿಯರ ಹೆಸರು ರೇಡಿಯೋದಲ್ಲಿ ಕೇಳುವಂತಾಯಿತು. ಆದರೆ ಅಲ್ಲಿಯವರೆಗೆ ಬಸ್ಸು ಹತ್ತಿ ಹೋಗಿ ಹಾಡಿ ಬರುವುದು ಎಷ್ಟು ಜನರಿಗೆ ಆದೀತು?

ಇಂದಿನ ಹೋರಿ ಹಾಡಿನ ಎಷ್ಟೋ ಧಾಟಿಗಳು ಆ ಅಜ್ಜಿಯರ ಬಾಯಿಂದಲೇ ಬಂದವು. ಹುಡುಗ ಚಿಕ್ಕಂದಿನಲ್ಲಿ ಅಡಿಗೆಮನೆಯಲ್ಲಿ ಕೇಳಿದ್ದು ದೊಡ್ಡವನಾದ ಮೇಲೆ ಡಿಜೆ ಹಚ್ಚಿದ ಟ್ರ್ಯಾಕ್ಟರಿನ ಮೇಲೆ ಹೊರಬರುತ್ತದೆ. ಹೋರಿಯ ಹೆಸರಿದೆ, ಹಗ್ಗ ಹಿಡಿದವನ ಹೆಸರಿದೆ, ಡಿಜೆಯವನ ಹೆಸರು ಮೂರು ಸಲ ಬರುತ್ತದೆ. ಧಾಟಿ ಹೇಳಿಕೊಟ್ಟ ಅಜ್ಜಿಯ ಹೆಸರು ಮಾತ್ರ ಆ ಉದ್ದದ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಈ ಹುಡುಗರ ಜತೆ ನನಗಿರುವ ನಿಜವಾದ ತಕರಾರು ಇದೊಂದೇ. ಹಳೆಯ ಕಾಲದವರಿಗೆ ಹೆಸರು ಬರೆದಿಡುವ ಅನುಕೂಲವಿರಲಿಲ್ಲ ಎನ್ನೋಣ. ನಿಮ್ಮ ಕೈಯಲ್ಲಿ ಮೊಬೈಲಿದೆ. ಅಜ್ಜಿಯನ್ನೇ ಆ ಚೀಲದ ಕೋಣೆಗೆ ಕರೆದು ಕೂರಿಸಿ, ಮೊದಲ ಸೊಲ್ಲು ಅವಳಿಂದಲೇ ಹಾಡಿಸಬಹುದಲ್ಲ? "ಅಯ್ಯ, ನನ್ ಗಂಟ್ಲು ಎಲ್ಲಿ ಬರತೈತೋ" ಎಂದು ಬಿಂಕ ಮಾಡಿಯಾಳು, ಆಮೇಲೆ ನಿಲ್ಲಿಸುವುದೇ ಕಷ್ಟವಾದೀತು.

ಹೆಸರಿನ ವಿಷಯ ಬರೀ ಗೌರವದ್ದೂ ಅಲ್ಲ. ನಾಲ್ಕು ಜನ ಸೇರಿ ಮಾಡಿದ ಹಾಡು ನಾಲ್ಕು ಲಕ್ಷ ಜನಕ್ಕೆ ಮುಟ್ಟಿದ ದಿನ ಗೆಳೆತನಕ್ಕೆ ಪರೀಕ್ಷೆ ಶುರು. ಚಾನೆಲ್ ಯಾರದೋ ದುಡ್ಡು ಅವನ ಖಾತೆಗೆ, ಬರೆದವನಿಗೆ ಚಹಾ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಮಾತು ಒಂದು ಕೃತಿ, ಮಟ್ಟು ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಬರೆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಮಾಡಿಸಲೇಬೇಕೆಂದಿಲ್ಲ. ಮಾತಿನ ಹಕ್ಕು ಬರೆದವನ ಬದುಕಿನುದ್ದಕ್ಕೂ, ಅವನ ನಂತರ 60 ವರ್ಷವೂ ಇರುತ್ತದೆ. ಹಕ್ಕನ್ನು ಮಾರಿಕೊಂಡ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಅದೇ ಕಾಯ್ದೆಯ 57ನೇ ಕಲಮಿನಲ್ಲಿದೆ. ಆದರೆ ಜಗಳ ಬಂದಾಗ ಯಾವ ಸಾಲು ಯಾರದ್ದು ಎಂದು ತೋರಿಸಲು ಏನಾದರೂ ಬೇಕು. ವಾಟ್ಸ್ಯಾಪಿನಲ್ಲಿ ಹರಿದು ಹೋದ ಮೆಸೇಜು ಆಗ ಸಿಗುವುದಿಲ್ಲ.

ವಕೀಲರೇನೂ ಬೇಡ, ನೋಟುಬುಕ್ಕಿನ ಒಂದು ಹಾಳೆ ಸಾಕು. ತಾರೀಖು, ಹಾಡಿನ ಹೆಸರು, ಬರೆದವರು, ಹಾಡಿದವರು, ಬಾರಿಸಿದವರು, ಧಾಟಿ ಯಾರಿಂದ ಬಂತು, ಬರುವ ದುಡ್ಡಿನಲ್ಲಿ ಯಾರಿಗೆಷ್ಟು; ಕೆಳಗೆ ಎಲ್ಲರ ಸಹಿ. ಮೊಬೈಲಿನಲ್ಲಿ ಅದರದೊಂದು ಫೋಟೋ. ರಾತ್ರಿ ಮಂಡಕ್ಕಿ ಮಿರ್ಚಿ ತಂದುಕೊಟ್ಟವನ ಹೆಸರೂ ಹಾಕಬೇಕೇ ಎಂದು ಯಾರಾದರೂ ಕೇಳಿದರೆ, ಅದು ಆಯಾ ಗುಂಪಿಗೆ ಬಿಟ್ಟದ್ದು. ಹೋರಿ ಹಾಡುಗಳಲ್ಲಂತೂ ಅವನ ಹೆಸರು ಆಗಲೇ ಬರತೊಡಗಿದೆ, ಅಭಿಮಾನಿ ಬಳಗದ ಅಧ್ಯಕ್ಷ ಎಂದು.