ಗಾದೆಯ ಉಳಿದರ್ಧ

ಹಾಡ್ತಾ ಹಾಡ್ತಾ ರಾಗ, ಉಗುಳ್ತಾ ಉಗುಳ್ತಾ ರೋಗ.

ಈ ಗಾದೆಯ ಮೊದಲರ್ಧ ಮೇಷ್ಟ್ರ ಬಾಯಲ್ಲಿ, ಸಂಗೀತದ ಪಾಠದಲ್ಲಿ, ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಉದ್ಘಾಟನಾ ಭಾಷಣದಲ್ಲಿ ಸಲೀಸಾಗಿ ಬರುತ್ತದೆ. ಉಳಿದರ್ಧವನ್ನು ಅಲ್ಲಿ ಯಾರೂ ಹೇಳುವುದಿಲ್ಲ. ವೇದಿಕೆಯ ಮೇಲೆ ಉಗುಳಿನ ಮಾತೇಕೆ ಎಂದಿರಬೇಕು. ಆದರೆ ಗಾದೆಯ ಬಿಗಿ ಇರುವುದೇ ಆ ಉಳಿದರ್ಧದಲ್ಲಿ. ರೂಢಿಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ದಿನಾ ಮಾಡಿದ್ದು ಮೈಗೆ ಹತ್ತುತ್ತದೆ, ಅಷ್ಟೆ. ಇಂಗ್ಲಿಷ್ ಕಲಿಯಲು ಹೊರಟವರು ಗಾದೆಯನ್ನು ಪೂರ್ತಿಯಾಗಿ ನೋಡಬೇಕು.

ಮೊದಲು ರಾಗ. ಎಂಬತ್ತು ತೊಂಬತ್ತರ ದಶಕದಲ್ಲಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ನೇತಾಡುತ್ತಿತ್ತು. ಕಪಿಲ್ ದೇವ್ ಅದರ ಜಾಹೀರಾತಿಗೆ ನಿಂತಿದ್ದರು. ಒಟ್ಟು 60 ದಿನದ ಪಾಠ, ಹತ್ತು ಹತ್ತು ದಿನದ ಆರು ಕಂತು. ದಿನಕ್ಕಿಷ್ಟು ಎಂದು ಪಾಲು ಮಾಡಿಕೊಟ್ಟ ಬುದ್ಧಿ ಸರಿಯಾದದ್ದೇ. ಆದರೂ ಎಷ್ಟೋ ಮನೆಗಳ ಪ್ರತಿಯಲ್ಲಿ ಮಾಸಿದ್ದು ಮೊದಲ ಕಂತಿನ ಹಾಳೆಗಳು ಮಾತ್ರ. ನಾವು ಅದನ್ನು ಕಣ್ಣಲ್ಲಿ ಓದಿದೆವು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದೆವು. ಬಾಯಿ ಮುಚ್ಚಿಕೊಂಡೇ ಇತ್ತು. ಗಾದೆ ಹಾಡ್ತಾ ಅನ್ನುತ್ತದೆ, ಬರೀತಾ ಅನ್ನುವುದಿಲ್ಲ.

ಸಂಗೀತ ಕಲಿತವರಿಗೆ ಇದು ಗೊತ್ತು. ಪುರಂದರದಾಸರು ಹಾಕಿಕೊಟ್ಟದ್ದೆಂದು ಹೇಳುವ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ದಿನಾ ಬೆಳಿಗ್ಗೆ ಮೂರು ಕಾಲದಲ್ಲೂ ಹಾಡಬೇಕು. ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಕೂತು ವಾರದ್ದನ್ನು ತೀರಿಸುತ್ತೇನೆಂದರೆ ಗಂಟಲು ಕೇಳುವುದಿಲ್ಲ, ನೆನಪೂ ಕೇಳುವುದಿಲ್ಲ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ, ಇದನ್ನು ಬರೆದಿಟ್ಟ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನವೇ ಸೋರಿಹೋಗುತ್ತದೆ, ಒಂದೇ ಸಲ ಗಿಡಿದದ್ದಕ್ಕಿಂತ ದಿನದಿನಕ್ಕೆ ಹಂಚಿಕೊಂಡು ಮತ್ತೆ ಮತ್ತೆ ಹೇಳಿದ್ದು ನಿಲ್ಲುತ್ತದೆ ಎಂದು. ನಮ್ಮ ಮಗ್ಗಿ ಹೇಳಿಸುವ ಅಜ್ಜಂದಿರು ಇದನ್ನು ಪ್ರಯೋಗವಿಲ್ಲದೆಯೇ ನಂಬಿದ್ದರು.

ಹಾಗಾದರೆ ದಿನಾ ಏನು ಮಾಡಬೇಕು? ಬಿಬಿಸಿಯವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಇದೆ, ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಇದೆ, ಎರಡೂ ಪುಕ್ಕಟೆ. ಪೂರ್ತಿ ಬೇಡ, ಎರಡು ವಾಕ್ಯ ಸಾಕು. ಹಾಲು ಕಾಯುವುದರೊಳಗೆ ಕೇಳಿ, ನಿಲ್ಲಿಸಿ, ಹಾಗೇ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ವಾರ್ತೆಯವರ ದನಿಯ ಪಕ್ಕದಲ್ಲಿ ನಿಮ್ಮದನ್ನಿಟ್ಟು ಮತ್ತೊಮ್ಮೆ ಕೇಳಿ. ವಾಕ್ಯದಲ್ಲಿ ‘ಡೆವಲಪ್‌ಮೆಂಟ್’ ಬಂತೆನ್ನಿ. ನಾವು ಮೊದಲ ‘ಡೆ’ಯನ್ನೇ ಒತ್ತುತ್ತೇವೆ, ಉಳಿದ ಅಕ್ಷರಗಳನ್ನೂ ಬಿಡಿಬಿಡಿಯಾಗಿ ಪೂರ್ತಿ ಹೇಳುತ್ತೇವೆ, ಕನ್ನಡದ ಬಾಯಿಗೆ ಯಾವ ಅಕ್ಷರಕ್ಕೂ ಅನ್ಯಾಯ ಮಾಡಿ ಗೊತ್ತಿಲ್ಲ. ಇಂಗ್ಲಿಷಿನವರು ‘ವೆ’ ಮೇಲೆ ಭಾರ ಹಾಕಿ ಉಳಿದದ್ದನ್ನು ಅರ್ಧಂಬರ್ಧ ನುಂಗಿಬಿಡುತ್ತಾರೆ. ಪುಸ್ತಕವನ್ನು ಎಷ್ಟು ದಿಟ್ಟಿಸಿದರೂ ಆ ಭಾರ ಕಾಣುವುದಿಲ್ಲ. ಕಿವಿಗೆ ಮೊದಲ ದಿನವೇ ತಟ್ಟುತ್ತದೆ, ನಾಲಿಗೆಗೆ ವಾರ ಬೇಕು.

ಇನ್ನು ರೋಗ. 1972ರಲ್ಲಿ ಲ್ಯಾರಿ ಸೆಲಿಂಕರ್ ಎಂಬ ಭಾಷಾವಿಜ್ಞಾನಿ ಎರಡನೆಯ ಭಾಷೆ ಕಲಿಯುವವರ ಕೆಲವು ತಪ್ಪುಗಳು ಕಲ್ಲಾಗಿ ಕೂತುಬಿಡುತ್ತವೆ, ಎಷ್ಟು ಪಾಠ ಹೇಳಿದರೂ ಕದಲುವುದಿಲ್ಲ ಎಂದ. ನಮ್ಮಲ್ಲಿ ಇದಕ್ಕೆ ಸಾಕ್ಷಿ ಹುಡುಕುವುದೇ ಬೇಡ. ‘ಐ ಡಿಡ್ ನಾಟ್ ವೆಂಟ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ಇಪ್ಪತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಆಡಿದವರ ಬಾಯಲ್ಲೂ ಇವು ಗಟ್ಟಿಯಾಗಿವೆ, ಇಪ್ಪತ್ತು ವರ್ಷ ಆಡಿದ್ದರಿಂದಲೇ ಗಟ್ಟಿಯಾಗಿವೆ. ‘ತಪ್ಪಾದರೂ ಪರವಾಗಿಲ್ಲ, ಮಾತಾಡ್ತಾ ಇರಿ’ ಎನ್ನುವ ಉಪದೇಶವನ್ನು ಮೊದಮೊದಲ ನಾಚಿಕೆ ಕಳೆಯಲು ಕೊಟ್ಟರೆ ಸರಿ, ವರ್ಷಗಟ್ಟಲೆ ಕೊಡುವಂಥದ್ದಲ್ಲ. ಅದಕ್ಕೇ ಕೇಳುವುದು ಮೊದಲು, ಆಡುವುದು ಆಮೇಲೆ. ಹಾಗೆಂದು ನಾಲಿಗೆಯ ಮೇಲಿನ ಕನ್ನಡದ ಛಾಯೆಯನ್ನು ನಾನು ರೋಗವೆನ್ನಲಾರೆ. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆದರೆ ಯಾರ ತಿಂಡಿಯೂ ಕೆಡುವುದಿಲ್ಲ. ಅದನ್ನು ಉಜ್ಜಿ ತೆಗೆಯಲು ದುಡ್ಡು ಸುರಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಗಾದೆಗೆ ಇನ್ನೊಂದು ಪಾಠವೂ ಉಂಟು. ಕೆಲವು ಕಡೆ ‘ನರಳ್ತಾ ನರಳ್ತಾ ರೋಗ’ ಅನ್ನುತ್ತಾರೆ. ಕಲಿಯುವವರಿಗೆ ಇದೇ ಹೆಚ್ಚು ಹತ್ತಿರದ್ದೆಂದು ನನ್ನ ಎಣಿಕೆ. ‘ನಂದು ಕನ್ನಡ ಮೀಡಿಯಂ, ನಂಗೆ ಇಂಗ್ಲಿಷ್ ಬರಲ್ಲ’ ಎಂಬ ಮಾತನ್ನು ಡಿಗ್ರಿ ಮುಗಿಸಿದ ಹುಡುಗರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ! ಇಂಟರ್‌ವ್ಯೂನಲ್ಲಿ ಕುರ್ಚಿ ಎಳೆದುಕೊಳ್ಳುವ ಮೊದಲೇ ‘ಸಾರಿ ಸರ್, ಮೈ ಇಂಗ್ಲಿಷ್ ಈಸ್ ವೀಕ್’ ಬಂದುಬಿಡುತ್ತದೆ. ತಮಾಷೆಯೆಂದರೆ ಆ ಒಂದು ವಾಕ್ಯವನ್ನು ಮಾತ್ರ ಒಂದು ತಪ್ಪೂ ಇಲ್ಲದೆ, ತಡವರಿಸದೆ ಹೇಳುತ್ತಾರೆ. ದಿನಾ ಹೇಳಿ ಹೇಳಿ ಅದೊಂದು ಪಳಗಿದೆ. ಅದೇ ಹೊತ್ತನ್ನು ‘ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ’ ಎಂದು ನೆಟ್ಟಗೆ ಹೇಳಿ ಮುಂದಿನ ವಾಕ್ಯಕ್ಕೆ ಹೋಗಲು ಬಳಸಿದ್ದರೆ ಅದೂ ಪಳಗುತ್ತಿತ್ತು.

ಒಬ್ಬರೇ ಹಾಡಿಕೊಂಡರೆ ಅಪಸ್ವರ ತಿಳಿಯುವುದಿಲ್ಲ, ಆದ್ದರಿಂದ ಜೊತೆಗೊಬ್ಬರು ಬೇಕು. ಪಿಜಿಯ ರೂಮ್‌ಮೇಟ್ ಆದೀತು, ದಿನಾ ಅದೇ ಬಸ್ಸಿಗೆ ಬರುವ ಸ್ನೇಹಿತೆ ಆದೀತು. ಸಿಕ್ಕಿದ ತಪ್ಪನ್ನೆಲ್ಲ ಹಿಡಿದರೆ ಮಾತೇ ನಿಂತುಹೋಗುತ್ತದೆ. ವಾರಕ್ಕೊಂದು ತಪ್ಪನ್ನು ಮಾತ್ರ ಗೊತ್ತು ಮಾಡಿಕೊಳ್ಳಿ. ಈ ವಾರ ‘ಡಿಡ್ ನಾಟ್ ವೆಂಟ್’ ಒಂದೇ. ಅದು ಬಂದಾಗ ಮಾತ್ರ ಕೈ ಎತ್ತಬೇಕು, ಮಿಕ್ಕದ್ದೆಲ್ಲ ಕಿವಿಗೆ ಬಿದ್ದರೂ ಸುಮ್ಮನಿರಬೇಕು. ‘ಹ್ಯಾವಿಂಗ್ ಟೂ ಬ್ರದರ್ಸ್’ ಮುಂದಿನ ಸೋಮವಾರದವರೆಗೆ ಕಾಯಲಿ.