ಬಿ.ಎ. ತಾನೆ!

ನಮ್ಮ ಕಡೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಕುಳಿತವರು ಮಕ್ಕಳ ಓದಿನ ಮಾತೆತ್ತದೆ ಕೈ ತೊಳೆದದ್ದನ್ನು ನಾನು ಕಂಡಿಲ್ಲ. "ಮಗ ಏನು ಓದ್ತಿದಾನೆ?" ಎಂಬ ಪ್ರಶ್ನೆಗೆ "ಎಂಜಿನಿಯರಿಂಗ್" ಎಂದರೆ, "ಪಾಪ, ಬಹಳ ಕಷ್ಟವಂತೆ" ಎಂಬ ಮರುಕ ಬೆರೆತ ಮರ್ಯಾದೆ ಸಿಗುತ್ತದೆ. "ಮೆಡಿಕಲ್" ಎಂದರಂತೂ ಪಕ್ಕದ ಎಲೆಯವರೂ ತಿರುಗಿ ನೋಡುತ್ತಾರೆ. "ಬಿ.ಎ." ಎಂದರೆ ಮಾತ್ರ ಕೇಳಿದವರು "ಓಹೋ" ಎಂದು, ಬಡಿಸುವವನ ಕಡೆ ತಿರುಗಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಾರೆ. ಆ "ಓಹೋ" ಇದೆಯಲ್ಲ, ಅದರೊಳಗೆ ಒಂದು ಇಡೀ ತತ್ವಶಾಸ್ತ್ರವೇ ಅಡಗಿದೆ. ಎಷ್ಟು ಹೊರೆಯೋ ಅಷ್ಟು ಬೆಲೆ ಎಂಬುದು ಆ ತತ್ವ.

ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುವ ನನಗೆ ಈ ತತ್ವದ ಜೊತೆ ಹಳೆಯ ಜಗಳವಿದೆ. ಓದಿನ ಹೊರೆಯನ್ನು ಅಳೆಯುವುದು ಹೇಗೆ? ಅಳೆದರೂ, ಹೆಚ್ಚು ಹೊತ್ತವನಿಗೆ ಹೆಚ್ಚು ಗೌರವ ಸಲ್ಲಬೇಕೆ? ಪಾಠದ ನಡುವೆ ಮಕ್ಕಳು ತಲೆತಗ್ಗಿಸಿ ಬರೆಯುತ್ತಿರುವಾಗ ಈ ಪ್ರಶ್ನೆಗಳನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ತಿರುವಿ ಹಾಕಿದ್ದೇನೆ.

ಮೊದಲು ಅಳತೆಯ ವಿಷಯ. ಓದನ್ನು ಗಂಟೆಯಲ್ಲಿ ಅಳೆಯುವ ಪದ್ಧತಿ ಬೆಳೆದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಉಕ್ಕಿನ ಶ್ರೀಮಂತ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ದಾನ ಕೊಟ್ಟ. ಹಣ ಹಂಚಲು ಹೊರಟ ಪ್ರತಿಷ್ಠಾನದವರಿಗೆ ಒಂದು ತೊಡಕು ಎದುರಾಯಿತು: ಯಾವುದನ್ನು ಕಾಲೇಜು ಎನ್ನಬೇಕು, ಯಾವುದನ್ನು ಅಲ್ಲವೆನ್ನಬೇಕು? ಹೈಸ್ಕೂಲಿನಲ್ಲಿ 14 ಯೂನಿಟ್ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವಂಥದ್ದು ಕಾಲೇಜು ಎಂದು ಅವರು ನಿಯಮ ಮಾಡಿದರು. ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆ ತರಗತಿಯಲ್ಲಿ ಓದಿದರೆ ಒಂದು ಯೂನಿಟ್. ಪಿಂಚಣಿ ಬೇಕಾದ ಕಾಲೇಜುಗಳೆಲ್ಲ ಒಪ್ಪಿಕೊಂಡವು. ಗಂಟೆಯ ಲೆಕ್ಕ ಮುಂದೆ ಕಾಲೇಜಿನ ಒಳಕ್ಕೂ ನಡೆದುಬಂತು. ಜ್ಞಾನವನ್ನು ತೂಗಲೆಂದಲ್ಲ, ಮೇಷ್ಟರುಗಳ ಪಿಂಚಣಿಗೆಂದು ಬಳಕೆಗೆ ಬಂದ ತಕ್ಕಡಿ ಅದು. ಬೆಲ್ಲ ತೂಗುವ ತಕ್ಕಡಿಯಲ್ಲಿ ಮಲ್ಲಿಗೆ ತೂಗಿದ ಹಾಗೆ ನಾವು ಅದರಲ್ಲಿ ಎಲ್ಲವನ್ನೂ ತೂಗುತ್ತ ಬಂದಿದ್ದೇವೆ.

ನಮ್ಮಲ್ಲಿ 2015ರ ಹೊತ್ತಿಗೆ ಯು.ಜಿ.ಸಿ. ಕ್ರೆಡಿಟ್ ಪದ್ಧತಿಯನ್ನು ಎಲ್ಲ ವಿಶ್ವವಿದ್ಯಾಲಯಗಳಿಗೂ ಹೇಳಿತು. ವಾರಕ್ಕೆ ಒಂದು ಗಂಟೆ ಪಾಠವಾದರೆ ಸೆಮಿಸ್ಟರಿಗೆ ಒಂದು ಕ್ರೆಡಿಟ್; ಪ್ರಾಕ್ಟಿಕಲ್ ಆದರೆ ಅದೇ ಒಂದು ಕ್ರೆಡಿಟ್ಟಿಗೆ ವಾರಕ್ಕೆ ಎರಡು ಗಂಟೆ. ಮೊದಲ ಸಲ ಇದನ್ನು ಕೇಳಿದಾಗ, ಕೈಯಲ್ಲಿ ಮಾಡುವ ಕೆಲಸಕ್ಕೆ ಕಿವಿಯಲ್ಲಿ ಕೇಳುವ ಕೆಲಸದ ಅರ್ಧ ಬೆಲೆಯೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದರ ಪ್ರಕಾರ ವರ್ಷಕ್ಕೆ 1200 ಗಂಟೆಯ ಕಲಿಕೆಗೆ 40 ಕ್ರೆಡಿಟ್. ಎಂದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಸೆಮಿಸ್ಟರಿಗೆ 15 ವಾರ ಎಂದಿಟ್ಟುಕೊಂಡರೆ ಪ್ರಾಕ್ಟಿಕಲ್ಲಿನ ಮೂವತ್ತು ಗಂಟೆ ಲ್ಯಾಬಿನಲ್ಲೇ ಮುಗಿಯುತ್ತದೆ. ಪಾಠದ ವಿಷಯದಲ್ಲಿ ತರಗತಿಯಲ್ಲಿ ಕಳೆಯುವುದು ಹದಿನೈದೇ ಗಂಟೆ. ಉಳಿದ ಹದಿನೈದು ಗಂಟೆ ಎಲ್ಲಿ? ಅದು ವಿದ್ಯಾರ್ಥಿ ಲೈಬ್ರರಿಯಲ್ಲಿ, ಬಸ್ಸಿನಲ್ಲಿ, ಮನೆಯ ಜಗುಲಿಯಲ್ಲಿ ತಾನೇ ಕುಳಿತು ಓದಬೇಕಾದದ್ದು. ಯುರೋಪಿನವರ ಲೆಕ್ಕವೂ ಹೀಗೆಯೇ. ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ. ಅದರಲ್ಲಿ ಸ್ವಂತ ಓದೂ ಸೇರಿದೆ.

ಹಾಗಾದರೆ ಬಿ.ಎ. ವಿದ್ಯಾರ್ಥಿಯ ಪುರಸೊತ್ತು ನಿಜವಾಗಿ ಪುರಸೊತ್ತಲ್ಲ. ಅರ್ಧ ಡಿಗ್ರಿ ಟೈಮ್‌ಟೇಬಲ್ಲಿನಲ್ಲಿದೆ, ಇನ್ನರ್ಧ ಅದರ ಹೊರಗಿದೆ. ಟೈಮ್‌ಟೇಬಲ್ಲಿನಲ್ಲಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹೊರಗಿರುವುದು ಓದುವವರ ಅಂತಃಸಾಕ್ಷಿಗೆ ಮಾತ್ರ ಕಾಣುತ್ತದೆ.

ಇದೇನು ಬರಿಯ ಲೆಕ್ಕಾಚಾರದ ಮಾತು ಎನ್ನಬೇಡಿ. ನನ್ನ ಕೈಯಲ್ಲಿ ಹತ್ತನೇ ತರಗತಿ ಪಾಸಾದ ಒಬ್ಬ ಹುಡುಗಿ ಇತಿಹಾಸ ಓದಬೇಕೆಂದು ಹಟ ಹಿಡಿದು ಬಿ.ಎ. ಸೇರಿದಳು. ಅವಳ ಅಣ್ಣ ಎಂಜಿನಿಯರಿಂಗ್. ಇಬ್ಬರೂ ಮನೆಯಿಂದಲೇ ಓಡಾಡುವವರು. ಒಂದು ದಿನ ಅವರ ಮನೆಗೆ ಹೋದಾಗ ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡು ರೆಕಾರ್ಡ್ ಬರೆಯುತ್ತಿದ್ದ. ತಂಗಿ ಅಜ್ಜಿಗೆ ಗಂಜಿ ಕುಡಿಸಿ, ಪಾತ್ರೆ ತಿಕ್ಕಿ, ಒಣಗಿದ ಬಟ್ಟೆ ತೆಗೆದು ಮಡಚುತ್ತಿದ್ದಳು. "ಇವಳಿಗೂ ಪರೀಕ್ಷೆ ಹತ್ತಿರ ಬಂತಲ್ಲ?" ಎಂದೆ. ತಾಯಿ ತುಂಬ ಒಳ್ಳೆಯ ಹೆಂಗಸು. "ಅವನಿಗೆ ಲ್ಯಾಬು, ರೆಕಾರ್ಡು ಅಂತ ಉಸಿರಾಡೋಕೂ ಪುರಸೊತ್ತಿಲ್ಲ ಅಕ್ಕೋರೆ. ಇವಳದ್ದು ಬಿ.ಎ. ತಾನೆ, ಮಧ್ಯಾಹ್ನಕ್ಕೆಲ್ಲ ಬಂದುಬಿಡ್ತಾಳೆ" ಎಂದರು. ಆ ಮಾತಿನಲ್ಲಿ ಕೆಡುಕಿರಲಿಲ್ಲ, ಪಕ್ಷಪಾತ ಮಾಡುತ್ತಿದ್ದೇನೆಂಬ ಅರಿವೂ ಇರಲಿಲ್ಲ. ಆ ಮಗಳ ಡಿಗ್ರಿಯ ಅರ್ಧ ಭಾಗ ಅಡಿಗೆಮನೆಯಲ್ಲಿ ಖರ್ಚಾಗುತ್ತಿತ್ತು, ಅಷ್ಟೆ. ಹುಡುಗಿ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಸೀರೆಯ ಅಂಚು ಕೂಡಿಸಿ ಮಡಚುತ್ತಲೇ ಇದ್ದಳು.

ಗೌರವದ ಪ್ರಶ್ನೆ ನನಗೆ ಮುಖ್ಯವಾಗುವುದು ಇಲ್ಲಿ. ಪಂಕ್ತಿಯ "ಓಹೋ" ಅಲ್ಲಿಗೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಯಾವುದನ್ನು ಹಗುರ ಎನ್ನುತ್ತೇವೋ ಅದನ್ನು ಓದುವವರ ಸಮಯಕ್ಕೆ ಬಾಗಿಲು, ಚಿಲಕ ಇರುವುದಿಲ್ಲ. ಯಾರು ಬೇಕಾದರೂ ಒಳಗೆ ಬಂದು ಒಂದು ಕೆಲಸ ಇಟ್ಟು ಹೋಗಬಹುದು. ಆ ಕೆಲಸ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಎ. ಹಗುರವೆಂಬುದು ಪೂರ್ತಿ ಅಪವಾದವೂ ಅಲ್ಲ. ವರ್ಷವೆಲ್ಲ ತಿರುಗಾಡಿ, ಪರೀಕ್ಷೆಗೆ ಮೂರು ವಾರವಿರುವಾಗ ಗೈಡು ಕೊಂಡು, ಹತ್ತು ಪ್ರಶ್ನೆ ಬಾಯಿಪಾಠ ಮಾಡಿ ಪಾಸಾದವರನ್ನು ನಾನೂ ನೀವೂ ಬಲ್ಲೆವು. ನಮ್ಮ ಕಾಲದಲ್ಲಿ ವರ್ಷಕ್ಕೊಂದೇ ಪರೀಕ್ಷೆ. ಅದು ಮೂರು ಗಂಟೆಯಲ್ಲಿ ಕೇಳಿದ್ದನ್ನು ಒಪ್ಪಿಸಿದರೆ ಸಾಕೆನ್ನುತ್ತಿತ್ತು. ಸೆಮಿಸ್ಟರ್ ಬಂದ ಮೇಲೆ ಅಸೈನ್‌ಮೆಂಟ್, ಸೆಮಿನಾರ್, ಆಂತರಿಕ ಅಂಕ ಎಲ್ಲ ಸೇರಿಕೊಂಡವು. ಆದರೆ ಅಸೈನ್‌ಮೆಂಟನ್ನು ಫೋನಿನಿಂದ ಇಳಿಸಿ ಬರೆದುಕೊಟ್ಟರೂ ನಡೆಯುತ್ತದೆ ಎಂದಾದರೆ ಹೆಚ್ಚಿದ್ದು ಹಾಳೆಯೇ ಹೊರತು ಓದಲ್ಲ. ನಂಬಿ ಕೊಟ್ಟ ಸಮಯವನ್ನು ಮನೆಯವರು ಮಾತ್ರವಲ್ಲ, ವಿದ್ಯಾರ್ಥಿಗಳೂ, ಕಾಲೇಜೂ ಕೂಡಿಯೇ ಪೋಲು ಮಾಡುತ್ತೇವೆ.

ಅತ್ತ ಭಾರವೆನಿಸಿಕೊಂಡ ಡಿಗ್ರಿಗಳ ಭಾರವೆಲ್ಲ ಬಂಗಾರವೆ? ಬಂದ ರೀಡಿಂಗ್ ಬಿಟ್ಟು ಬರಬೇಕಾದ ರೀಡಿಂಗ್ ಬರೆದು, ಸೀನಿಯರ್‌ಗಳ ರೆಕಾರ್ಡನ್ನು ಅಕ್ಷರ ಬಿಡದೆ ನಕಲು ಮಾಡಿ, ಒಂದು ಸಹಿಗಾಗಿ ಸ್ಟಾಫ್‌ರೂಮಿನ ಹೊರಗೆ ಗಂಟೆಗಟ್ಟಲೆ ನಿಲ್ಲುವ ಹುಡುಗರನ್ನು ಕೇಳಿ ನೋಡಿ. ಅವರ ಬೆನ್ನು ನೋಯುವುದು ಸುಳ್ಳಲ್ಲ. ಆದರೆ ಗಾಣದ ಎತ್ತೂ ದಿನಕ್ಕೆ ಎಷ್ಟೋ ಮೈಲಿ ನಡೆಯುತ್ತದೆ. ನಡೆದ ದೂರವನ್ನು ಲೆಕ್ಕ ಹಿಡಿದು ಅದಕ್ಕೆ ಕಾಶಿಯಾತ್ರೆಯ ಪುಣ್ಯ ಕೊಡಲಾದೀತೆ?

ಇನ್ನು ಕೆಲವು ಹೊರೆಗಳಿವೆ, ಅವುಗಳ ಮುಂದೆ ನಾನು ಮಾತಿಲ್ಲದೆ ತಲೆಬಾಗುತ್ತೇನೆ. ವೈದ್ಯಕೀಯದವರು ನಾಲ್ಕೂವರೆ ವರ್ಷ ಓದಿ, ಮತ್ತೊಂದು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ನರ್ಸಿಂಗ್ ಓದುವ ಹುಡುಗಿಯರು ವಾರ್ಡಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಳ್ಳುತ್ತಾರೆ. ಅವರ ಕೈ ತಪ್ಪಿದರೆ ನೋಯುವವನು ಬೇರೊಬ್ಬ. ಆ ಹೊರೆ ರೋಗಿಗಾಗಿ ಇದೆ. ರೆಕಾರ್ಡ್ ನಕಲಿನ ಹೊರೆ ಸಹಿಗಾಗಿ ಇದೆ. ಎರಡನ್ನೂ ಗಂಟೆಯಲ್ಲಿ ಅಳೆದರೆ ಒಂದೇ ಸಮ ಬರಬಹುದು. ಆದ್ದರಿಂದ ಹೊರೆ ಎಷ್ಟು ಎಂಬುದಕ್ಕಿಂತ ಯಾರಿಗಾಗಿ ಎಂದು ಕೇಳುವುದು ಹೆಚ್ಚು ನ್ಯಾಯವಾದ ಪ್ರಶ್ನೆಯೆಂದು ನನಗೆ ತೋರುತ್ತದೆ. ಕಷ್ಟಪಟ್ಟವನ ಮೇಲೆ ನಮಗೆ ಕನಿಕರವಿರಬೇಕು, ಮೆಚ್ಚುಗೆಯೂ ಇರಲಿ. ಆದರೆ ಅವನು ಪಟ್ಟ ಕಷ್ಟ ಅವನು ಕಲಿತದ್ದಕ್ಕೆ ಸಾಕ್ಷಿಯಲ್ಲ.

ನಾನು ಓದುವಾಗ ಬಿ.ಎಡ್. ಒಂದೇ ವರ್ಷದ್ದು; 2015ರಿಂದ ಎರಡು ವರ್ಷವಾಗಿದೆ, ಶಾಲೆಗಳಲ್ಲೇ ಇಪ್ಪತ್ತು ವಾರ ಕಳೆಯಬೇಕು. ಆ ಒಂದು ವರ್ಷದ ಹೊರೆಯೇ ನಮಗೆ ಸಾಕಾಗಿತ್ತು. ಪಾಠಯೋಜನೆಯ ಕಾಲಂಗಳು, ರಟ್ಟಿನ ಮೇಲೆ ಅಂಟಿಸಿದ ಚಾರ್ಟುಗಳು, ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆಯುವ ಮೇಷ್ಟರು. ಅದರ ಮುಂದೆ ಬಿ.ಎ. ದಿನಗಳು ಬೇಸಗೆ ರಜದಂತೆ ಕಂಡವು. ತರಗತಿಯಲ್ಲಿ ನಿಲ್ಲುವುದನ್ನು ನನಗೆ ಕಲಿಸಿದ್ದು ಬಿ.ಎಡ್. ನಿಂತ ಮೇಲೆ ಹೇಳುವುದಕ್ಕೆ ಏನಾದರೂ ಇದ್ದದ್ದು, ಬಿ.ಎ. ದಿನಗಳಲ್ಲಿ ಯಾರೂ ಹೇಳದೆ ಲೈಬ್ರರಿಯಿಂದ ತಂದು ಓದಿದ ಪುಸ್ತಕಗಳಿಂದ. ಅವಕ್ಕೆ ಅಂಕವಿರಲಿಲ್ಲ, ಸಹಿಯೂ ಇರಲಿಲ್ಲ. ಇಂಗ್ಲಿಷಿನ ಸ್ಕೂಲ್ ಎಂಬ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ, ಅಲ್ಲಿ ಅದಕ್ಕೆ ಬಿಡುವು ಎಂದೇ ಅರ್ಥ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಹಾಗೆಂದು, ಬಿ.ಎ.ಗೂ ದಿನವಿಡೀ ಕ್ಲಾಸು ಹಾಕಿ ಭಾರ ಮಾಡಿಬಿಟ್ಟರೆ ಸರಿಹೋಯಿತಲ್ಲ ಎನ್ನುವವರಿಗೆ ಒಂದು ಮಾತು. ಬೆಳಿಗ್ಗೆ ಹಾಲು ಹಾಕಿ, ಸಂಜೆ ಬಟ್ಟೆ ಅಂಗಡಿಯಲ್ಲಿ ನಿಂತು, ನಡುವೆ ಕಾಲೇಜಿಗೆ ಹೋಗುವ ಹುಡುಗರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಒಂದೂವರೆ ತಿಂಗಳು ರಾತ್ರಿ ನಿದ್ದೆಗೆಟ್ಟು ಫೀಸು ಹೊಂದಿಸುವ ಹುಡುಗಿಯರಿದ್ದಾರೆ. ಅವರು ಹೊರಬಹುದಾದ ಡಿಗ್ರಿ ಇದೊಂದೇ. ಅದರ ಮೇಲೆ ಇನ್ನೆರಡು ಮೂಟೆ ಹಾಕಿದರೆ ಅವರು ಮೂಟೆ ಇಳಿಸುವುದಿಲ್ಲ, ಓದನ್ನೇ ಇಳಿಸಿ ಹೋಗುತ್ತಾರೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದಾಗ ಅದರ ಗುಣದೋಷಗಳ ಚರ್ಚೆ ಬಹಳ ನಡೆಯಿತು. ಇಂಥ ಮನೆಗಳಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಇನ್ನೊಂದು ವರ್ಷ ದುಡಿಮೆಯಿಲ್ಲದೆ ಹೇಗೆ?

ಪ್ರತಿ ವರ್ಷ ಪರೀಕ್ಷೆ ಮುಗಿಸಿದ ಹತ್ತನೇ ತರಗತಿಯ ಮಕ್ಕಳು ಬಂದು, "ಮುಂದೆ ಯಾವುದು ಈಜಿ ಮೇಡಂ?" ಎಂದು ಕೇಳುತ್ತಾರೆ. ಕೆಲವು ಓದುಗಳಲ್ಲಿ ಕೆಲಸವನ್ನು ಬೇರೆಯವರು ಕೊಡುತ್ತಾರೆ, ಮಾಡದಿದ್ದರೆ ಗದರುತ್ತಾರೆ. ಇನ್ನು ಕೆಲವದರಲ್ಲಿ ನಿಮಗೆ ನೀವೇ ಕೆಲಸ ಕೊಟ್ಟುಕೊಳ್ಳಬೇಕು, ಗದರುವವರೂ ನೀವೇ ಆಗಬೇಕು ಎನ್ನುತ್ತೇನೆ. ಎರಡನೆಯದೇ ಈಜಿ ಎಂದುಕೊಂಡು ಅವರು ನಗುತ್ತಾರೆ. ಅದು ಎಷ್ಟು ಕಷ್ಟವೆಂಬುದು ಅವರಿಗೆ ತಿಳಿಯಲು ಎರಡು ಮೂರು ವರ್ಷ ಬೇಕು.

ಅಲ್ಲಿಯವರೆಗೆ ಅವರ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟೆ: ಮಗಳು ಕಲೆ ಓದಲಿ, ಮಗ ಗಣಿತ ಓದಲಿ, ದಿನಕ್ಕೆ ಎರಡು ಗಂಟೆ ಅವಳಿಗೂ ಒಂದು ಬಾಗಿಲು ಹಾಕಿಕೊಡಿ. ಒಳಗೆ ಅವಳು ಓದುತ್ತಾಳೋ ಕಿಟಕಿಯಾಚೆ ನೋಡುತ್ತಾಳೋ, ಅದು ಅವಳ ಲೆಕ್ಕ. ಬಟ್ಟೆ ಮಡಚುವುದನ್ನು ಅಣ್ಣನಿಗೂ ಕಲಿಸಬಹುದು. ಅದಕ್ಕೆ ರೆಕಾರ್ಡ್ ಬರೆಯಬೇಕಾಗಿಲ್ಲ.