ದಾನವೂ ಪಾಲನೆಯೂ

ಹಾನಗಲ್ಲ ತಾಲೂಕಿನ ತಿಳವಳ್ಳಿಯಲ್ಲಿ ಹದಿಮೂರನೆಯ ಶತಮಾನದ ಶಾಂತೇಶ್ವರ ದೇವಾಲಯವು ಇಂದಿಗೂ ನಿಂತಿರುವದು. ಈ ಸೀಮೆಯ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಪರಿಚಿತವಾದದ್ದು. ಭೂಮಿ ಕೊಟ್ಟವರ ಹೆಸರು, ಕೊಟ್ಟ ನೆಲದ ಎಲ್ಲೆ ಇವೆಲ್ಲ ಮುಗಿದ ಮೇಲೆ, ಕೊಡುವದಕ್ಕಿಂತಲೂ ಕೊಟ್ಟದ್ದನ್ನು ಕಾಯುವದೇ ಹೆಚ್ಚಿನ ಪುಣ್ಯವೆಂದು ಅಂಥ ಶಾಸನಗಳು ಸಾರುವವು. ಕೊಡುವವನಿಗೆ ಕೀರ್ತಿಯು ಕೂಡಲೆ ಬರುವದು. ಕಾಯುವವನಿಗೆ ಮೊದಲು ಬರುವದು ಜಗಳವೇ. ಆ ಜಗಳದಲ್ಲಿ ಅವನ ಸ್ವಂತ ಹಿತವೂ ಬೆರೆತಿದ್ದರೆ ಪಾಲನೆಯ ಪುಣ್ಯಕ್ಕೆ ಕುಂದುಂಟೆ? ಗೆದ್ದ ಮೇಲೂ ಕಳೆದುಹೋದದ್ದು ತಿರುಗಿ ಬಾರದಿದ್ದರೆ ಆ ಗೆಲುವಿಗೆ ಅರ್ಥವುಂಟೆ? ಈ ಎರಡು ಪ್ರಶ್ನೆಗಳನ್ನು ವಿಚಾರಿಸಲು ದೂರ ಹೋಗಬೇಕಾಗಿಲ್ಲ. ನೆರೆಯ ಶಿಗ್ಗಾಂವಿ-ಸವಣೂರು ಸೀಮೆಯ ವಕೀಲರೊಬ್ಬರ ಚರಿತ್ರೆಯೇ ಸಾಕು.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು 1924ರಲ್ಲಿ ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದರು. ಎಂ. ಎನ್. ರಾಯ್ ಅವರ ಮಾನವತಾವಾದವು ಅವರ ಬುದ್ಧಿಯನ್ನು ರೂಪಿಸಿತು. ರಾಜಕಾರಣದಲ್ಲಿ ಮೆಲ್ಲನೆ ಮೇಲೇರಿ, 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರ ತರುವಾಯ ಅವರು ಕರ್ನಾಟಕದ ಮುಖ್ಯಮಂತ್ರಿಗಳಾದರು. ಆ ಅಧಿಕಾರವು ವರ್ಷ ತುಂಬುವವರೆಗೂ ಉಳಿಯಲಿಲ್ಲ. 1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡಿರುವರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಏಳು ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿತ್ತೆಂದು ಬೇಗನೆ ಬರೆದು ತಿಳಿಸಿದರು. ವಿಧಾನಸಭೆಯು 27ನೆಯ ತಾರೀಖಿಗೆ ಕೂಡುವದಿತ್ತು. ಬೇಕಾದರೆ ಅದಕ್ಕೂ ಮುಂಚೆಯೇ ಸಭೆ ಕರೆದು ತಮ್ಮ ಬಲವನ್ನು ಅಲ್ಲಿ ಎಣಿಸಬಹುದೆಂದು ಬೊಮ್ಮಾಯಿಯವರು ಹೇಳಿದರು. ಆದರೆ 21ನೆಯ ತಾರೀಖಿಗೇ ಸಂವಿಧಾನದ 356ನೆಯ ವಿಧಿಯ ಮೇರೆಗೆ ರಾಷ್ಟ್ರಪತಿ ಆಳ್ವಿಕೆ ಘೋಷಿತವಾಯಿತು, ಸಭೆಯೂ ವಿಸರ್ಜಿತವಾಯಿತು.

ಆ ವಿಧಿಯು ಬಳಕೆಗೆ ಬಾರದೆ ಉಳಿಯಲೆಂದು ಡಾ. ಅಂಬೇಡಕರರು 1949ರಲ್ಲಿ ಸಂವಿಧಾನಸಭೆಯಲ್ಲಿ ಹಾರೈಸಿದ್ದರು. ಆದರೂ 1994ರ ಹೊತ್ತಿಗೆ ಅದರ ಪ್ರಯೋಗವು ತೊಂಬತ್ತರ ಸಂಖ್ಯೆಯನ್ನು ಮುಟ್ಟಿತ್ತು. ಪದಚ್ಯುತರಾದವರು ಸಾಮಾನ್ಯವಾಗಿ ಮುಂದಿನ ಚುನಾವಣೆಯ ದಾರಿ ನೋಡುತ್ತಿದ್ದರು. ಬೊಮ್ಮಾಯಿಯವರು ನ್ಯಾಯಾಲಯದ ದಾರಿ ಹಿಡಿದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ತಳ್ಳಿಹಾಕಿತು. ಆ ವರ್ಷದ ನವೆಂಬರಿನಲ್ಲಿ ಚುನಾವಣೆ ನಡೆದು ಬೇರೊಂದು ಸರಕಾರವು ಬಂದಿತು. ಬೇಡುವ ವಸ್ತುವೇ ಇಲ್ಲವಾದರೂ ವ್ಯಾಜ್ಯವು ನಿಲ್ಲಲಿಲ್ಲ. 1994ರ ಮಾರ್ಚ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ಕೊಟ್ಟಿತು. ಮಂತ್ರಿಮಂಡಲದ ಬಲಾಬಲವನ್ನು ಸಭೆಯಲ್ಲಿಯೇ ಎಣಿಸತಕ್ಕದ್ದು. ರಾಜ್ಯಪಾಲರ ಸ್ವಂತ ಅಭಿಪ್ರಾಯವು ಅದಕ್ಕೆ ಅಳತೆಗೋಲಲ್ಲ. ಘೋಷಣೆಯು ನ್ಯಾಯಾಲಯದ ವಿಮರ್ಶೆಗೆ ಒಳಪಟ್ಟದ್ದು. ಪಾರ್ಲಿಮೆಂಟಿನ ಎರಡೂ ಸದನಗಳು ಒಪ್ಪುವ ಮುಂಚೆ ವಿಧಾನಸಭೆಯನ್ನು ವಿಸರ್ಜಿಸಲಾಗದು. ಕರ್ನಾಟಕದ ಘೋಷಣೆಯು ಸಂವಿಧಾನಕ್ಕೆ ವಿರುದ್ಧವಾದದ್ದೆಂದೂ ನಿರ್ಣಯವಾಯಿತು. ಆದರೆ ಬೊಮ್ಮಾಯಿಯವರಿಗೆ ಆ ಪದವಿಯು ಮತ್ತೆಂದೂ ದೊರೆಯಲಿಲ್ಲ. 1996ರಿಂದ 1998ರ ವರೆಗೆ ಅವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿಯ ಮಂತ್ರಿಗಳಾಗಿದ್ದರು, 2007ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಆಕ್ಷೇಪವು ಬರತಕ್ಕದ್ದೇ. ಅವರು ಹೋರಾಡಿದ್ದು ತಮ್ಮ ಕುರ್ಚಿಗಾಗಿ. ಅದನ್ನು ಧರ್ಮವೆಂದು ಕರೆಯುವದೆಂತು? ಆಕ್ಷೇಪದ ಮೊದಲ ಭಾಗವು ನಿಜವೇ. ಆದರೆ ತನ್ನ ಹೊಲದ ಬದುವು ಒತ್ತುವರಿಯಾದಾಗ ಮೋಜಣಿದಾರನನ್ನು ಕರೆಸುವ ಒಕ್ಕಲಿಗನೂ ತನ್ನ ಹೊಲಕ್ಕಾಗಿಯೇ ಕರೆಸುವನು. ಅವನ ನಡತೆಯನ್ನು ಪರೀಕ್ಷಿಸುವ ಪ್ರಶ್ನೆಯು ಬೇರೆ: ಅಳತೆಯು ತನಗೆ ಪ್ರತಿಕೂಲವಾದರೂ ಅವನು ಅದಕ್ಕೆ ತಲೆಬಾಗುವನೇ? ರಾತ್ರಿಯಲ್ಲಿ ಕಲ್ಲು ಸರಿಸುವವನಿಗೂ ಹಗಲಿನಲ್ಲಿ ಸರಪಳಿ ಹಿಡಿಸುವವನಿಗೂ ಇರುವ ಅಂತರವು ಇದೇ. ಬೊಮ್ಮಾಯಿಯವರು ಕೇಳಿದ್ದು ಎಣಿಕೆಯನ್ನು. ಆ ಎಣಿಕೆಯು ಅವರನ್ನು ಎಲ್ಲರ ಎದುರಿನಲ್ಲಿ ಸೋಲಿಸಬಹುದಿತ್ತು. ತನ್ನನ್ನೂ ಕಟ್ಟಿಹಾಕಬಲ್ಲ ನಿಯಮವನ್ನು ಬೇಡುವವನ ಸ್ವಾರ್ಥವು ಬರಿಯ ಸ್ವಾರ್ಥವಾಗಿ ಉಳಿಯಲಾರದು.

ನೆಟ್ಟ ಕಲ್ಲು ನೆಟ್ಟವನ ವೈರಿಯ ಹೊಲವನ್ನೂ ಕಾಯುವದು. 1989ರಲ್ಲಿ ಬೊಮ್ಮಾಯಿಯವರ ಸರಕಾರವನ್ನು ತೆಗೆದುಹಾಕಿದ ಕೇಂದ್ರವು ಕಾಂಗ್ರೆಸ್ಸಿನದು. 2016ರಲ್ಲಿ ಉತ್ತರಾಖಂಡದಲ್ಲಿ ರಾಷ್ಟ್ರಪತಿ ಆಳ್ವಿಕೆಯಿಂದ ಪದಚ್ಯುತವಾದದ್ದು ಕಾಂಗ್ರೆಸ್ಸಿನ ಸರಕಾರವೇ; ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಂತೆ ಸಭೆಯಲ್ಲಿ ಎಣಿಕೆ ನಡೆದು ಅದು ಮರಳಿ ಬಂದಿತು. ಬೊಮ್ಮಾಯಿಯವರಿಗೆ ಸಿಗದ ಫಲವು ಅವರ ಎದುರಾಳಿಗಳ ಪಕ್ಷಕ್ಕೆ ಸಿಕ್ಕಿತು. ಇದನ್ನು ವಿಧಿಯ ಅಣಕವೆಂದು ಕೆಲವರು ನಗಬಹುದು. ಆದರೆ ನಿಯಮವೊಂದು ನಿಯಮವಾಗಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಹಾಗೆಂದು ಗೆಲುವನ್ನು ಹಿಗ್ಗಿಸಿ ಹೇಳಲಾಗದು. ತೀರ್ಪಿಗೆ ಹಿಡಿದ ಐದು ವರ್ಷಗಳು ಒಬ್ಬ ಮನುಷ್ಯನಿಗಷ್ಟೇ ಆದ ನಷ್ಟವಲ್ಲ. 1989ರಲ್ಲಿ ಏಳು ತಿಂಗಳು ತಾವು ಆರಿಸಿದ ಸಭೆಯಿಲ್ಲದೆ ಇದ್ದ ಪ್ರಜೆಗಳಿಗೆ ಆ ಕಾಲವನ್ನು ತಿರುಗಿ ಕೊಡುವವರು ಯಾರೂ ಇಲ್ಲ. ಅಲ್ಲದೆ ಸಭೆಯ ಎಣಿಕೆಯು ತಲೆಗಳನ್ನು ಎಣಿಸಬಲ್ಲದು. ಆ ತಲೆಗಳು ಯಾವ ಆಮಿಷಕ್ಕೆ ಬಾಗಿ ಬಂದವೆಂಬುದನ್ನು ಅದು ಕೇಳಲಾರದು. ಆ ಕೆಲಸವು ಮತದಾರರ ಮನಸ್ಸಿಗೆ ಬಿಟ್ಟದ್ದು.

ದಾನಶಾಸನವೂ ಇಷ್ಟನ್ನು ಬಲ್ಲದು. ಕೊಟ್ಟ ಭೂಮಿಯನ್ನು ಯಾರೂ ಅಪಹರಿಸಲಾರರೆಂಬ ನಂಬಿಕೆ ಅದನ್ನು ಬರೆಸಿದವರಿಗೆ ಇದ್ದಿದ್ದರೆ ಶಾಪದ ಸಾಲುಗಳು ಬೇಕಾಗುತ್ತಿರಲಿಲ್ಲ. ಮುಂದೆ ಜಗಳವಾಗುವದೆಂದು ತಿಳಿದೇ ಅವರು ಕಲ್ಲಿನಲ್ಲಿ ಬರೆಸಿದರು. ಕಾಯುವವನೊಬ್ಬನು ಬರುವನೆಂದು ನಂಬಿಯೂ ಬರೆಸಿದರು. ಅವನು ನಿಃಸ್ಪೃಹನೇ ಆಗಿರಬೇಕೆಂದು ಅವರು ಕೇಳಲಿಲ್ಲ. ಕಾಯಬೇಕೆಂದಷ್ಟೇ ಕೇಳಿದರು.